ಹಳೆಯ ಫ್ರಿಜ್ಜು

ಮೊದಲ ಗರಿ ಸಿಕ್ಕಿದ್ದು ನನ್ನ ಕಾಫಿಯಲ್ಲಿ.
ಬೂದಿ ಬಣ್ಣ, ಬುಡದಲ್ಲಿ ಬಿಳಿ,
ಉಗುರಿನಷ್ಟೂ ಇಲ್ಲ.
ಉದುರುವ ಕಾಲವಿರಬೇಕೆಂದು
ಬೆರಳಲ್ಲಿ ಎತ್ತಿ ಹಾಕಿ ಕುಡಿದುಬಿಟ್ಟೆ.
ಐದೂಕಾಲರ ಟ್ರಾಮು ನಾನೇ ಓಡಿಸಬೇಕಿತ್ತು.

ವಾರದೊಳಗೆ ಪಂಜರದ ತಳ ತುಂಬಿತು,
ಯಾರೋ ದಿಂಬು ಹರಿದು ಜಗಳವಾಡಿದ ಹಾಗೆ.
ಪಪುವಿನ ಎದೆ ಬರೀ ತೊಗಲು,
ತೊಗಲ ಮೇಲೆ ಗುಳ್ಳೆ ಗುಳ್ಳೆ,
ಅಂಗಡಿಯಲ್ಲಿ ಸುಲಿದು ತೂಗುಹಾಕಿದ ಕೋಳಿಯ ಮೇಲೆ
ಯಾರೋ ಮರೆತಿಟ್ಟ ಪಂಡಿತನ ತಲೆ.
ತನ್ನ ಕೊಕ್ಕಿಗೆ ತನ್ನ ತಲೆ ಎಟುಕದಲ್ಲ,
ಅದೊಂದು ಉಳಿಯಿತು.

ತಾಂಪೆರೆಯ ಜನವರಿ.
ಹತ್ತಕ್ಕೆ ಹುಟ್ಟಿ ಮೂರೂವರೆಗೆ ಮುಗಿಯುವ ಹಗಲು.
ಹೀಟರಿನ ಒಣಗಾಳಿಗೆ ನನ್ನ ತುಟಿಯೇ ಬಿರಿದಿತ್ತು;
ಹಕ್ಕಿಯ ಮೈ ಕೇಳಬೇಕೆ ಎಂದು
ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಆವಿ ತುಂಬಿಸಿ
ಇಬ್ಬರೂ ಮಂಜಿನಲ್ಲಿ ಕೂತೆವು.
ಕೆಳಮನೆಯ ಕೌಕೊ ಉಣ್ಣೆಯ ಕಾಲುಚೀಲ ಕತ್ತರಿಸಿ
ಅಂಗಿ ಹೊಲಿದು ತಂದ.
ಒಂದು ಸಂಜೆಯಲ್ಲಿ ಎಳೆ ಎಳೆ ಬಿಚ್ಚಿ ಮುಗಿಸಿ
ಪಪು ಮತ್ತೆ ತನ್ನನ್ನು ಬಿಚ್ಚತೊಡಗಿದ.

ಡಾಕ್ಟರ್ ಸಾರೆಲೈನೆನ್ ದೀಪ ಹಿಡಿದು ನೋಡಿದಳು.
ಹುಳವಿಲ್ಲ, ಉಣ್ಣೆಯಿಲ್ಲ, ರಕ್ತ ಚೆನ್ನಾಗಿದೆ.
'ಮನೆಯಿಂದ ಯಾರಾದರೂ ಹೋದರೇ?'
'ಹೋಗುವುದಕ್ಕೆ ಯಾರಿದ್ದರು' ಎಂದೆ.
ಅವಳು ಹಕ್ಕಿಯನ್ನು ಬಿಟ್ಟು ನನ್ನ ಕೈ ನೋಡುತ್ತಿದ್ದಳು.
ಕಚ್ಚಿ ಕಚ್ಚಿ ಕೆಂಪಾದ ಬೆರಳ ತುದಿಗಳನ್ನು
ಒಂದೊಂದಾಗಿ ಕೈಚೀಲಕ್ಕೆ ತೂರಿಸಿದೆ.

ಆ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ
ಟಕ್.
ಆಮೇಲೆ ಗುರ್ರ್ರ್ ಎಂದು ಉದ್ದಕ್ಕೆ,
ಕೊನೆಗೆ ಬಾಟಲಿ ನಡುಗುವ ಕಿಣಿಕಿಣಿ.
ನಮ್ಮ ಹಳೆಯ ಫ್ರಿಜ್ಜು!
ಅದನ್ನು ನವೆಂಬರಿನಲ್ಲೇ ಇಬ್ಬರು ಹುಡುಗರು
ಮೆಟ್ಟಿಲಿಳಿಸಿ ಹೊತ್ತುಕೊಂಡು ಹೋಗಿದ್ದರು.
ಹೊಸದು ಉಸಿರೂ ಆಡುವುದಿಲ್ಲ,
ಸಾಲ ಕೊಟ್ಟವನೆದುರು ನಿಂತವನ ಹಾಗೆ ತೆಪ್ಪಗಿದೆ.

ಬರಿಗಾಲಲ್ಲಿ ಬಾಗಿಲ ಬಳಿ ನಿಂತೆ.
ಸದ್ದು ಮಾಡಿದವನು ಪಪು.
ಮಾಡಿ, ತಲೆ ವಾರೆ ಮಾಡಿ, ಕಾದ.
ಹಳೆಯದು ಉತ್ತರ ಕೊಡುತ್ತಿದ್ದಷ್ಟೇ ಹೊತ್ತು ಕಾದ.
ಆಮೇಲೆ ಬಗ್ಗಿ
ಎದೆಯಿಂದ ಒಂದು ಕಿತ್ತ.

ಹನ್ನೊಂದು ವರ್ಷ!
ನಾನು ಹಳಿಯ ಮೇಲೆ ಊರು ಸುತ್ತುವಾಗೆಲ್ಲ
ಇವನ ಸಂಸಾರ ಅದರೊಡನೆ ನಡೆದಿತ್ತು.
ಬಾಡಿಗೆಗಿದ್ದವಳಂತೆ ನಾನು
ಹಾಲು ತೆಗೆಯಲು ಅವರ ನಡುವೆ ಕೈ ಹಾಕುತ್ತಿದ್ದೆ.

ಗುಜರಿಗೆ ಫೋನು ಮಾಡಿದೆ. 'ಯಾವ ಬಣ್ಣದ್ದು?' ಅಂದರು.
'ಬಿಳಿ.' ಅತ್ತ ಕಡೆ ನಕ್ಕರು.

ನಾಚಿಕೆ ಬಿಟ್ಟು ನಾನೇ ಗುರ್ರೆಂದೆ.
ಪಪು ನಂಬಲಿಲ್ಲ.
ದನಿ ಇಳಿಸಿದೆ, ಹೊಟ್ಟೆಯಿಂದ ತಂದೆ,
ಬಾಟಲಿಯ ಭಾಗಕ್ಕೆ ಲೋಟಕ್ಕೆ ಚಮಚ ತಾಗಿಸಿದೆ.
ಒಂಬತ್ತನೆಯ ರಾತ್ರಿ
ಟಕ್ ಎಂದವನು, ನಾನು ಗುರ್ರೆಂದ ಮೇಲೆ
ಮುಂದಿನದನ್ನು ತಾನು ಹೇಳಿದ.
ತೋಳ ಮೇಲೆ ಬಂದು ಕೂತು
ನನ್ನ ಸ್ವೆಟರಿನ ನೂಲು ಕಿತ್ತ. ಕೀಳಲಿ ಎಂದು ಬಿಟ್ಟೆ.

ಈಗ ಸೀಳಲು ಪೈನ್ ಕಾಯಿ ಕೊಡುತ್ತೇನೆ,
ತೊಗಟೆ, ವಿಲೋ ಕಡ್ಡಿ, ಹಳೆಯ ವೇಳಾಪಟ್ಟಿ.
ಮಾರ್ಚಿಯಲ್ಲಿ ಎದೆಯ ಮೇಲೆ ಮೂರು ಮುಳ್ಳು ಮೂಡಿದವು,
ಒಳಗೆ ರಕ್ತ ತುಂಬಿದ ನೀಲಿ ಮೊಳಕೆ.
ಎರಡನ್ನು ಅವನೇ ಕಿತ್ತ.
'ಕೆಲವು ಕಡೆ ಬೇರೇ ಸತ್ತಿದೆ,
ಅಲ್ಲಿ ಇನ್ನು ಬಾರದು' ಎಂದಳು ಡಾಕ್ಟರ್.

ಮೊನ್ನೆ ಹೆರ್ವಾಂತದ ಕೆಂಪು ದೀಪದೆದುರು
ನಿಂತ ಟ್ರಾಮಿನಲ್ಲಿ
ಶಾಲೆಯ ಹುಡುಗಿಯೊಬ್ಬಳು ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು.
ಯಾಕೆಂದು ತಡವಾಗಿ ತಿಳಿಯಿತು.
ಕಚ್ಚಲು ಎತ್ತಿದ ಬೆರಳು ಗದ್ದದ ಬಳಿ ನಿಂತಿತ್ತು;
ಬಾಯಿಗೆ ಪುರುಸೊತ್ತಿರಲಿಲ್ಲ,
ಗುರುಗುಟ್ಟುತ್ತಿತ್ತು.