ಮೂರು, ಆಮೇಲೆ ಎರಡು

ಲೂರ್ದುನಾಥನಿಗೆ ಪನಾಮಾದಿಂದ ಬಂದ ಮೊದಲ ಕಾಂಟ್ರ್ಯಾಕ್ಟಿನ ಮೇಲೆ
‘ಶ್ರೀಮತಿ ಲೂರ್ದು ಅವರಿಗೆ’ ಎಂದಿತ್ತು.
ಆ ಕಡೆ ಅದು ಹೆಂಗಸರ ಹೆಸರಂತೆ.
ಮೀಸೆ ಹೊತ್ತುಕೊಂಡೇ ಹೋದ,
ಒಂದು ಕೈಲಿ ಕಾರ್ನೆಟ್ ಪೆಟ್ಟಿಗೆ, ಇನ್ನೊಂದರಲ್ಲಿ
ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಅವರಮ್ಮ ತುರುಕಿದ ಹುಣಸೆಹಣ್ಣಿನ ಉಂಡೆ.

ಗಣಿಯ ಬ್ಯಾಂಡಿನಲ್ಲಿ ಅವನು ಕಾರ್ನೆಟ್, ನಾನು ತ್ರಿಕೋನ.
ತ್ರಿಕೋನದವನಿಗೆ ಬಾರಿಸುವುದು ಕಮ್ಮಿ, ಕಾಯುವುದು ಜಾಸ್ತಿ,
ಹಾಗಾಗಿ ನನಗೆ ಎಲ್ಲ ನೆನಪಿದೆ.

ಅವರಪ್ಪ ಸವರಿಮುತ್ತು ಶಾಫ್ಟಿನ ಬಾಯಲ್ಲಿ ಗಂಟೆಯವರು.
ಮೂರು ಹೊಡೆದರೆ, ಬೋನಿನಲ್ಲಿ ಮನುಷ್ಯರಿದ್ದಾರೆ.
ಆಮೇಲೆ ಎರಡು: ಇಳಿಸು.
ನಮ್ಮ ಲೈನುಗಳ ಮಕ್ಕಳು ಎಣಿಕೆ ಕಲಿತದ್ದೇ ಹಾಗೆ,
ಮೂರು, ಆಮೇಲೆ ಎರಡು.
ಕೂಡಿಸಿ ಐದು ಅಂದವರಿಲ್ಲ.

ಪನಾಮಾದ ಬಂದರು ಹೋಟೆಲಿನಲ್ಲಿ ಮೊದಲ ರಾತ್ರಿ
ಒಬ್ಬ ಮುದುಕ ಎರಡು ಮರದ ತುಂಡು ಹಿಡಿದು ತಟ್ಟಿದನಂತೆ.
ಟಕ್. ಟಕ್. ಟಕ್.
ಟಕ್ ಟಕ್.
ಇಡೀ ಹಾಲು ಎದ್ದು ಕುಣಿಯಿತು,
ಇವನೊಬ್ಬ ಬೆವತು ಕುರ್ಚಿಯ ಕೈ ಹಿಡಿದ.
ಕಾಗದ ಬರೆದ: “ಇಲ್ಲಿ ಈ ಹೊಡೆತಕ್ಕೆ
ಯಾರೂ ಕೆಳಗಿಳಿಯೋದಿಲ್ಲ ಕಣೋ,
ಸೊಂಟ ತಿರುಗಿಸ್ತಾರೆ.”

ಆಮೇಲೆ ಅವನದೇ ಮೇಳ, ಹನ್ನೊಂದು ಜನ.
ಹೆಸರು ‘ಓರ್ಕೆಸ್ತಾ ಮಾರಿಕುಪ್ಪಂ’.
ಯಾವುದೋ ಸಂತಳ ಹೆಸರೆಂದು ಕರಾಕಸ್‌ನಲ್ಲಿ ಎದೆಗೆ ಶಿಲುಬೆ ಗುರುತು ಹಾಕಿಕೊಂಡರು,
ಲಿಮಾದಲ್ಲಿ ಹೊಸ ಹೆಜ್ಜೆಯೆಂದು ಕಲಿಯಲು ಬಂದರು,
ಅವನು ಇಬ್ಬರಿಗೂ ಹೌದು ಅಂದ.
ರಾಟರ್‌ಡ್ಯಾಂನ ಚಳಿಯಲ್ಲಿ ಕೊಂಗಾದ ಚರ್ಮ ಸಡಿಲವಾಯಿತೆಂದು
ಹೋಟೆಲ್ ರೂಮಿನಲ್ಲಿ ಪೇಪರು ಉರಿಸಿ
ತಮಟೆ ಕಾಯಿಸಿದ ಹಾಗೆ ಕಾಯಿಸಿದ.
ಬೆಂಕಿಯ ಗಂಟೆ ಹೊಡೆಯಿತು, ದಂಡ ಕಟ್ಟಿದ.
ಆ ರಾತ್ರಿಯ ಏಟು ಮಾತ್ರ, ಬರೆದಿದ್ದ,
ಆಂಡರ್ಸನ್‌ಪೇಟೆಯ ಏಟು.

ರೇಡಿಯೊದವಳು ಕೇಳಿದಳಂತೆ, ಈ ಬೆರಕೆ ಎಲ್ಲಿ ಕಲಿತಿರಿ?
“ಮನೇಲಿ ತಮಿಳು, ಸಂತೇಲಿ ತೆಲುಗು, ಸ್ಕೂಲಲ್ಲಿ ಕನ್ನಡ,
ಸಾಹೇಬನ ಮುಂದೆ ಮೌನ.
ನಮ್ಮ ಕಡೆ ಬದುವಿನ ಮೇಲೆ ಕೈಗೆ ಸಿಕ್ಕಿದ್ದು ಕೀಳ್ತಾರೆ,
ಅಣ್ಣೆ, ಗಣಿಕೆ, ಹೊನಗೊನೆ, ಕನ್ನೆ, ಹೆಸರಿಲ್ಲದ್ದು ಒಂದು ಹಿಡಿ.
ಬೇಯಿಸಿ ಮಸೆದ ಮೇಲೆ ಯಾವುದು ಯಾವುದು ಅಂತ
ಯಾರೂ ಕೇಳೋದಿಲ್ಲ, ಮುದ್ದೆ ಕೇಳ್ತಾರೆ.”
ಮುದ್ದೆ ಅಂದರೇನೆಂದು ಹೇಳುವಷ್ಟರಲ್ಲಿ
ಕಾರ್ಯಕ್ರಮದ ಹೊತ್ತು ಮುಗಿದಿತ್ತು.

ಗಣಿ ಮುಚ್ಚಿದ ವರ್ಷ ಎಸ್‌ಟಿಡಿ ಬೂತಿಗೆ ಫೋನು ಬಂತು.
“ಪಾಳಿಯ ಸೈರನ್ ರೆಕಾರ್ಡ್ ಮಾಡಿ ಕಳಿಸು, ಒಂದು ಹಾಡಿಗೆ ಬೇಕು.”
ಸೈರನ್ ಎಲ್ಲಿದೆ, ನಿಂತು ಎರಡು ತಿಂಗಳಾಯಿತು ಅಂದೆ.
ಆ ಕಡೆ ಬರೀ ಗೊರಗೊರ. ಲೈನು ಕಟ್ಟಾಯಿತು ಅಂದುಕೊಂಡೆ.
“ಹಾಗಾದರೆ ಬಾಯಲ್ಲಿ ಕೂಗು. ಟೇಪು ಓಡ್ತಾ ಇದೆ.”

ಅರವತ್ತೆರಡು ವಯಸ್ಸು. ಗಾಜಿನ ಬಾಗಿಲು ಎಳೆದುಕೊಂಡು ಕೂಗಿದೆ,
ಕೆಳಗಿಂದ ಎದ್ದು, ಮೇಲೆ ನಿಂತು, ಮತ್ತೆ ಕೆಳಗೆ,
ಅದು ಹೇಗೆ ಇಳಿಯುತ್ತಿತ್ತೋ ಹಾಗೆ.
ಬೂತಿನ ಹುಡುಗ ಎದ್ದು ನಿಂತ.
ಹೊರಗೆ ಒಬ್ಬ ಸೈಕಲ್ ಇಳಿದ.

ಕ್ಯಾಸೆಟ್ ಬಂತು. ಕವರಿನಲ್ಲಿ ನನ್ನ ಹೆಸರು ತಪ್ಪಾಗಿದೆ,
ಚೆಂಗಲರಾಯ ಹೋಗಿ ‘ಚಂಗೋ ರಾಯೊ’,
ಮುಂದೆ, ಸೈರನ್.
ಅಷ್ಟೇ ನನ್ನ ಕೀರ್ತಿ.

ಭಾನುವಾರ ಸಂಜೆ ಜೋರಾಗಿ ಹಾಕಿದೆ.
ಟ್ರೊಂಬೋನುಗಳು ಒಂದರ ಮೇಲೊಂದು ಹತ್ತಿ,
ಪಿಯಾನೊ ಸೈನೈಡ್ ದಿಬ್ಬದ ಮೇಲಿನ ಗಾಳಿಯಂತೆ ಕರಕರ ಅಂದು,
ಮಧ್ಯೆ ನನ್ನ ಊಳು.
ಪಕ್ಕದ ಮನೆಯ ಕುಪ್ಪುಸ್ವಾಮಿ, ಅರ್ಧ ಕಿವುಡು,
ಜಗಲಿಯಿಂದ ಎದ್ದರು. ಒಳಗೆ ಹೋದರು.
ಊಟದ ಡಬ್ಬಿ ಹಿಡಿದು ಬಂದು, ಚಪ್ಪಲಿ ಹುಡುಕತೊಡಗಿದರು.

ಹಾಡು ಇನ್ನೂ ನಾಲ್ಕು ನಿಮಿಷ ಇತ್ತು.
ನಾನು ನಿಲ್ಲಿಸಲಿಲ್ಲ.