ಹನ್ನೊಂದು ಬಾರ್ ಮೌನ

ಬೆಳಿಗ್ಗೆ ಕುಡುಪುವಿನಲ್ಲಿ ಮದುವೆ. ಧಾರೆಯ ಹೊತ್ತಿಗೆ
ಕೆನ್ನೆ ಉಬ್ಬಿಸಿ ಊದಿ, ಪಾಯಸ ಉಂಡು,
ಹೊದಿಸಿದ ಶಾಲನ್ನು ಸ್ಯಾಕ್ಸೋಫೋನಿನ ಪೆಟ್ಟಿಗೆಗೇ ತುರುಕಿ
ಸಿಟಿ ಬಸ್ಸು ಹತ್ತಿ ಜೆಪ್ಪುವಿನ ಶಾಲೆಯ ಹಾಲಿಗೆ ಬಂದೆ.

ಲಿಗೋರಿ ಮಿನೇಜಸ್ ಮಾಸ್ತರರು ಆಗಲೇ ಕೋಲೆತ್ತಿ ನಿಂತಿದ್ದರು.
ಕೋಲೆಂದರೆ ಹಿಡಿಸೂಡಿಯ ಒಂದು ಕಡ್ಡಿ.
ಎದುರಿಗೆ, ಇಗರ್ಜಿಯ ಕೊಯರಿನ ಒಂಬತ್ತು ಪಿಟೀಲು,
ಶವಯಾತ್ರೆಗೆ ಊದುವ ಬ್ಯಾಂಡಿನ ಮೂರು ಟ್ರಂಪೆಟ್ಟು,
ಕಾಲು ಮುರಿದ ಒಂದು ಚೆಲ್ಲೊ, ಇಟ್ಟಿಗೆಯ ಮೇಲೆ,
ಚೆಂಡೆಗೆ ಸುರತ್ಕಲ್ಲಿನ ಗಿರಿಯಪ್ಪ.

ಯಾವುದೋ ದೇಶದ ನಾಲ್ಕು ಹುಡುಗರು
ಐವತ್ತು ವರ್ಷದ ಹಿಂದೆ ಕರೆಂಟಿನಲ್ಲಿ ಬಾರಿಸಿದ್ದನ್ನು
ನಾವು ಉಸಿರಿನಲ್ಲಿ ಬಾರಿಸಬೇಕು.
ತಟ್ಟೆಯ ಒಂದು ಮಗ್ಗುಲಿಗೆ ಒಂದೇ ಹಾಡು, ಇಪ್ಪತ್ತೆರಡು ನಿಮಿಷ.
ಎಂತ ಹಾಡು ಮಾರಾಯ್ರೆ ಇದು,
ಹೊರಟ ಪಲ್ಲವಿ ಮನೆಗೇ ಬರುವುದಿಲ್ಲ!

ಏಳರ ಎಣಿಕೆ ಬಂದಲ್ಲಿ ಪಿಟೀಲುಗಳೆಲ್ಲ
ಮೆಟ್ಟಿಲು ತಪ್ಪಿದ ಹಾಗೆ ಒಂದರ ಮೇಲೊಂದು ಬಿದ್ದವು.
ಗಿರಿಯಪ್ಪ ತೊಡೆ ತಟ್ಟಿದ, ತಕಿಟ ತಕಧಿಮಿ,
'ಇಷ್ಟೆಯಾ?' ಅಂದು ಎಲೆಗೆ ಸುಣ್ಣ ಹಚ್ಚಿದ.

ನಲವತ್ತೊಂದನೇ ಪುಟ. ಅಲ್ಲಿ ಬರೆದಿತ್ತು:
ಎಲ್ಲರೂ ಸ್ವರವನ್ನು ಕೆಳಗೆ ಜಾರಿಸಿ, ಕುಸಿದು, ನಿಲ್ಲುವುದು.
ಆಮೇಲೆ ಹನ್ನೊಂದು ಬಾರ್ ಮೌನ.
ಈ ಊರಿನಲ್ಲಿ ಹನ್ನೊಂದು ಬಾರ್ ಒಟ್ಟಿಗೆ ಮೌನವಾಗುವುದು
ಓಟಿನ ಮುಂಚಿನ ದಿನ ಮಾತ್ರ, ಅಂದೆ.
ಮಾಸ್ತರರು ನಗಲಿಲ್ಲ.

ಮೌನದ ನಡುವೆ ಟ್ರಂಪೆಟ್ಟಿಗೆ ಎರಡು ಒರಟು ಪೋಂ ಪೋಂ,
ನನಗೆ ಐದು ಸ್ವರ. ಇಳಿಯುವ ಐದು. ಮೇಲೆ ಪೆನ್ಸಿಲಿನಲ್ಲಿ:
'ಅವಸರ. ಆದರೆ ಸಿಟ್ಟಲ್ಲ.'

ಪಿಟೀಲಿನ ರಿಯೋನಾ ಎದ್ದು ನಿಂತಳು:
'ಸರ್, ನಾನು ಮೊಬೈಲಿನಲ್ಲಿ ಕೇಳಿದ್ದೇನೆ.
ಮೂಲದಲ್ಲಿ ಇದಿಲ್ಲ. ಅವರು ನಿಲ್ಲಿಸುವುದೇ ಇಲ್ಲ.'

ಮಾಸ್ತರರು ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು.
ಎಪ್ಪತ್ತೆಂಟನೇ ಇಸವಿ. ಹಡಗಿನಲ್ಲಿದ್ದ ಬಾವ
ಒಂದೇ ಸಂಜೆಗೆ ಕೊಟ್ಟ ತಟ್ಟೆ. ಗೋಡೆಗೆ ಸಿಕ್ಕಿಸಿದ ಪ್ಲೇಯರು,
ಎದುರಿಗೆ ಸ್ಟೂಲಿನ ಮೇಲೆ ಸೆಲ್ಲಿನ ಟೇಪ್‌ರೆಕಾರ್ಡರು.
ಹದಿಮೂರನೇ ನಿಮಿಷಕ್ಕೆ ಕೆಇಬಿಯವರು ಕರೆಂಟು ತೆಗೆದರು.
ತಟ್ಟೆ ಗೊಗ್ಗರುಗಟ್ಟಿ ನಿಂತಿತು.
ಸೆಲ್ಲು ನಿಲ್ಲಲಿಲ್ಲ, ಕೇಳುತ್ತಲೇ ಇತ್ತು.
ಅಂಗಳದಾಚೆ ಮೀನಿನ ಸೈಕಲ್ಲಿನ ಹಾರನ್ನು.
ಅಡುಗೆಮನೆಯಿಂದ ಅಮ್ಮ: 'ಮಾಸ್ಳಿ ಆಯ್ಲಿ ರೇ!'
ಮತ್ತೆ ಕರೆಂಟು. ತಟ್ಟೆ ಆಕಳಿಸಿ ಎದ್ದು
ಬಿಟ್ಟಲ್ಲಿಂದಲೇ ಹಾಡಿತು.

'ಮೂಲ ಕೇಳಿದ್ದು ನನಗೆ ತೀರಾ ಮೊನ್ನೆ ಮೊನ್ನೆ,' ಅಂದರು.
'ಆ ಜಾಗಕ್ಕೆ ಬಂದಾಗ
ಯಾರೋ ಏನೋ ಕತ್ತರಿಸಿ ಎಸೆದ ಹಾಗೆ ಅನ್ನಿಸಿತು.'

ಚಾ ವಿರಾಮದಲ್ಲಿ ಆ ಕ್ಯಾಸೆಟ್ಟು ಹಾಕಿಸಿ ಕೇಳಿದೆ.
ಸ್ಸ್ ಎಂಬ ಸದ್ದು, ಹಂಚಿನ ಮೇಲೆ ಬೇಸಗೆಯ ತರಗೆಲೆಯಂತೆ.
ಹಾರನ್ನು ಬಂತು. ಅಮ್ಮ ಬಂದರು. ನನ್ನ ಐದೂ ಸ್ವರ ಸರಿ.
(ಧಾರೆಯ ವಾಲಗವನ್ನೂ ಇಷ್ಟು ಹತ್ತಿರದಿಂದ
ನಾನು ಯಾರ ಬಾಯಿಂದಲೂ ಕಲಿತವನಲ್ಲ.)
ಅದರ ಹಿಂದೆ, ತುಂಬಾ ಹಿಂದೆ, ಇನ್ನೊಂದು ಇತ್ತು,
ಯಾರೋ ಪೂರ್ತಿ ಹೊಟ್ಟೆಯಿಂದ ನಗುತ್ತಿದ್ದರು.

'ಇದು ಪುಟದಲ್ಲಿಲ್ಲವಲ್ಲ. ಯಾರು ಇದು?'

'ನಾನೇ,' ಅಂದರು ಮಾಸ್ತರರು, ಚಾದಲ್ಲಿ ಬಿಸ್ಕತ್ತು ಮುರಿದು ಬಿದ್ದದ್ದನ್ನು
ಚಮಚೆಯಲ್ಲಿ ಹುಡುಕುತ್ತಾ.
'ಹದಿನೆಂಟು ವರ್ಷ ಆಗ. ಕರೆಂಟು ಹೋದದ್ದಕ್ಕೆ ಯಾಕೆ ನಕ್ಕೆನೋ.
ಯಾವ ವಾದ್ಯಕ್ಕೆ ಕೊಡಬೇಕು ಅಂತ ಇನ್ನೂ ಗೊತ್ತಾಗಲಿಲ್ಲ.
ಪಿಕ್ಕೊಲೊ ಅಂದುಕೊಂಡಿದ್ದೆ. ಅದು ಹಾಗಲ್ಲ.'

ಕಿವಿಯಿಂದ ಕಡ್ಡಿ ತೆಗೆದು
ಸ್ಟ್ಯಾಂಡಿಗೆ ಎರಡು ಸಲ ಕುಟ್ಟಿದರು:
ನಲವತ್ತೊಂದು. ಜಾರುವಲ್ಲಿಂದ.