ಎಡದ ಸೆಳೆತ

ಲ್ಯಾಮಿಂಗ್ಟನ್ ರಸ್ತೆ, ಬ್ಯಾಟರಿಯವರ ಗಲ್ಲಿ, ಮೆಟ್ಟಿಲ ಕೆಳಗೆ
ನಾಲ್ಕಡಿಗೆ ಆರಡಿ ನನ್ನ ಅಂಗಡಿ.
ಎದ್ದರೆ ತಲೆಗೆ ಮೆಟ್ಟಿಲು ತಾಗುತ್ತದೆ, ಹಾಗಾಗಿ ಏಳುವುದಿಲ್ಲ.
ಗಿರಾಕಿ ಬಂದರೂ ಅಷ್ಟೆ, ಪೊಲೀಸಿನವ ಬಂದರೂ ಅಷ್ಟೆ.

ಮುಂದೆ ಹೊಟ್ಟೆ ಬಿಚ್ಚಿ ಮಲಗಿದ ಕಂಟ್ರೋಲರುಗಳು.
ಬೆವರು ಕುಡಿದ ರಬ್ಬರು, ಫರಸಾಣದ ಪುಡಿ ಕಚ್ಚಿಕೊಂಡ ಬಟನು,
ಸೋತ ಸಿಟ್ಟಿಗೆ ಗೋಡೆ ಕಂಡು ಬಂದದ್ದೊಂದು.
ಹೆಚ್ಚಿನವಕ್ಕೆ ಒಂದೇ ರೋಗ, ಡ್ರಿಫ್ಟು:
ಯಾರೂ ಮುಟ್ಟದೆ ಕಡ್ಡಿ ತಾನೇ ಸರಿಯುತ್ತದೆ,
ಪರದೆಯ ಮನುಷ್ಯ ನಿಂತಲ್ಲಿ ನಿಲ್ಲಲಾರದೆ
ಗೋಡೆಗೆ ಮುಖ ಒತ್ತಿ ನಡೆಯುತ್ತಲೇ ಇರುತ್ತಾನೆ.

ಎದುರಿನ ದೊಡ್ಡ ಅಂಗಡಿಯ ಗಾಜಿನಲ್ಲಿ ಹೊಸ ಯಂತ್ರ.
ಡಬ್ಬಿಯ ಮೇಲೆ ದರದ ಚೀಟಿ, ಚೀಟಿಯ ಮೇಲೆ ಚೀಟಿ,
ಉಗುರು ಹಾಕಿದರೆ ಹೋದ ವರ್ಷ ಸಿಗುತ್ತದೆ.
ನಿಲ್ಲಿಸುವ ಸ್ಟ್ಯಾಂಡಿಗೆ ಬೇರೆ, ಡಿಸ್ಕು ನುಂಗುವ ಬಾಯಿಗೆ ಬೇರೆ,
ಜೊತೆಗೆ ಇನ್ನೊಬ್ಬ ಆಡಬೇಕೆ? ಅವನ ಕೈಗೂ ಬೇರೆ.
ಮದುವೆ ಊಟಕ್ಕೆ ಕರೆದು ಎಲೆಗೆ ದುಡ್ಡು ಕೇಳಿದ ಹಾಗೆ.

ಜೂನ್ ಎರಡನೇ ವಾರ ಹೌಸಾಬಾಯಿ ನಾಖ್ವಾ ಬಂದಳು.
ಭಾವುಚಾ ಧಕ್ಕಾದಲ್ಲಿ ಮೀನು ಮಾರುವವಳು,
ದೋಣಿಗಳು ದಡದಲ್ಲಿ ಕೂತ ಎರಡು ತಿಂಗಳು ಪುರುಸೊತ್ತು.
ಚೀಲದೊಳಗೆ ಚೀಲ, ಅದರೊಳಗೆ ಕಂಟ್ರೋಲರು.
ಮೊಮ್ಮಗನದಾ ಎಂದೆ.
ನನ್ನದು, ಅವನು ಬಂದರೆ ಆಡಲು ಕೊಡುತ್ತೇನೆ ಎಂದಳು.

ಗಾಜಿನ ಕಡೆ ಗದ್ದ ತೋರಿಸಿ ಕೇಳಿದಳು:
ಬೆಳಿಗ್ಗೆ ಐನೂರು ಹೇಳಿದ ಬಂಗುಡೆ ಬುಟ್ಟಿ
ಸಂಜೆಗೆ ಇನ್ನೂರಕ್ಕೂ ಬೇಡ. ಇದು ಐದು ವರ್ಷದ ಮಾಲು,
ದಿನ ಹೋದ ಹಾಗೆ ಏರುತ್ತದಲ್ಲ,
ಇದಕ್ಕೆ ಐಸು ಹಾಕುವವರು ಯಾರು?

ಡಾಲರು ಎಂದೆ, ಚಿಪ್ಪಿನ ಅಭಾವ ಎಂದೆ, ಹಡಗಿನ ಬಾಡಿಗೆ ಎಂದೆ.
ಹಡಗಿನ ಮಾತು ಎತ್ತಿದ್ದೇ ತಪ್ಪಾಯಿತು.
ಹಡಗು ನಾನೂ ನೋಡಿದ್ದೇನೆ ಎಂದಳು.

ಕಿವಿರು ಎತ್ತಿ ನೋಡುವ ಹಾಗೆ ಮುಚ್ಚಳ ಎತ್ತಿ ನೋಡಿ
ನನ್ನ ಮುನ್ನೂರನ್ನು ನೂರೆಂಬತ್ತಕ್ಕೆ ಇಳಿಸಿದಳು.
ಬೆಸುಗೆ ಹದಿನಾಲ್ಕೂ ಬಿಚ್ಚಿ ಹೊಸ ಕಡ್ಡಿ ಕೂರಿಸಿದೆ.
ಪರದೆಯ ಚುಕ್ಕಿ ನಡುಮಧ್ಯೆ ನಿಂತಿತು,
ಎಳ್ಳಷ್ಟೂ ಅಲುಗದೆ. ಹೆಮ್ಮೆಯಾಯಿತು, ಸುಳ್ಳೇಕೆ.

ನಾಲ್ಕನೇ ದಿನ ಮತ್ತೆ ಅವಳೇ.
ಕೆಡಿಸಿಟ್ಟಿದ್ದೀಯ,
ಕಾರು ಹೋಗಿ ಹೋಗಿ ಬಲದ ಕಟ್ಟೆಗೆ ಗುದ್ದುತ್ತದೆ.

ವೈರು ಚುಚ್ಚಿ ನೋಡಿದೆ. ಚುಕ್ಕಿ ಅಲ್ಲೇ ಇತ್ತು.
ಆಮೇಲೆ ಅವಳ ಹೆಬ್ಬೆರಳು ನೋಡಿದೆ.
ಸುಮ್ಮನೆ ಇಟ್ಟಿದ್ದೇನೆ ಎನ್ನುತ್ತಾಳೆ,
ಬೆರಳು ಕೂದಲೆಳೆಯಷ್ಟು ಬಲಕ್ಕೆ ಒತ್ತುತ್ತಿದೆ.
ಎರಡು ವರ್ಷ ಎಡದ ಸೆಳೆತಕ್ಕೆ ಎದುರು ನಿಂತ ಬೆರಳು,
ಸೆಳೆತ ಹೋದ ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ನೀರು ಎಳೆಯುತ್ತದೆ ಅಂತ ಹುಟ್ಟು ಓರೆ ಹಿಡಿಯುತ್ತೇವೆ,
ನೀನು ನೀರನ್ನೇ ತೆಗೆದುಬಿಟ್ಟೆಯಲ್ಲೋ, ಎಂದಳು.
ಹಳೇ ಕಡ್ಡಿ ಎಲ್ಲಿ?

ಗುಜರಿ ಡಬ್ಬದಲ್ಲಿ ನಲವತ್ತೋ ಐವತ್ತೋ,
ಎಲ್ಲ ಒಂದೇ ಕಪ್ಪು, ಒಂದೇ ಸವಕಲು.
ಒಂದೊಂದಾಗಿ ಮೂಸಿ ನೋಡಿದೆ.
ಹನ್ನೊಂದನೆಯದು ಒಣ ಬೊಂಬಿಲ್.
ಮತ್ತೆ ಬೆಸೆದೆ. ಕಾಸು ಕೇಳಲಿಲ್ಲ, ಅವಳೂ ಕೊಡಲಿಲ್ಲ.
ಚುಕ್ಕಿ ಎಡಕ್ಕೆ ಜಾರತೊಡಗಿದ್ದು ನೋಡಿ
ಹಾಂ, ಎಂದಳು, ನೆಂಟರು ಬಂದ ಹಾಗೆ.

ರಾತ್ರಿ ಷಟರು ಎಳೆದೆ.
ಎದುರಿನ ಹುಡುಗ ಸ್ಟೂಲು ಹತ್ತಿ ಹೊಸ ಚೀಟಿ ಅಂಟಿಸುತ್ತಿದ್ದ.
ಎಷ್ಟೆಂದು ಓದಲಿಲ್ಲ.
ಗ್ರಾಂಟ್ ರೋಡ್ ಸ್ಟೇಷನ್ನಿನವರೆಗೆ ತಲೆ ತಗ್ಗಿಸಿಯೇ ನಡೆದೆ,
ಮೇಲೆ ಎಲ್ಲೂ ಮೆಟ್ಟಿಲಿರಲಿಲ್ಲ.